ಮಣ್ಣು, ಬೂದಿ, ಪುಡಿ: ಹೊಸ ಕಟ್ಟಡ ಸಾಮಗ್ರಿಯನ್ನು ಜನ ಒಪ್ಪುವುದರಲ್ಲಿ ಹೆಸರು, ಚಿತ್ರಗಳ ಪಾಲು

ಏನಾದರೂ ಹಾಳಾಯಿತು ಅನ್ನಲು ಕನ್ನಡದಲ್ಲಿ ಮೂರು ಮಾತು ಥಟ್ಟನೆ ಬಾಯಿಗೆ ಬರುತ್ತವೆ: ಮಣ್ಣುಪಾಲಾಯಿತು, ಬೂದಿಯಾಯಿತು, ಪುಡಿಪುಡಿಯಾಯಿತು. ಇವತ್ತು ಮನೆ ಕಟ್ಟಲು ಹೊರಟವರ ಮುಂದೆ ಬರುವ ಹೊಸ ಸಾಮಗ್ರಿಗಳೂ ಇವೇ ಮೂರು. ಹೊಳೆಮರಳಿನ ಬದಲು ಕಲ್ಲು ಪುಡಿ ಮಾಡಿದ ಮರಳು, ಬರೀ ಸಿಮೆಂಟಿನ ಬದಲು ಹಾರುಬೂದಿ ಬೆರೆತ ಸಿಮೆಂಟು, ಸುಟ್ಟ ಇಟ್ಟಿಗೆಯ ಬದಲು ಸುಡದೆ ಒತ್ತಿ ತೆಗೆದ ಮಣ್ಣಿನ ಬ್ಲಾಕು. ಜೀವಮಾನದ ಉಳಿತಾಯ ಹಾಕಿ ಒಂದೇ ಒಂದು ಮನೆ ಕಟ್ಟುವವರು ಈ ಹೆಸರು ಕೇಳಿ ಹಿಂಜರಿದರೆ ತಪ್ಪೇನಿಲ್ಲ.

ಸಾಮಗ್ರಿಯ ಹೆಸರು ಎರಡು ಕೆಲಸ ಮಾಡುತ್ತದೆ. ಒಂದು, ಕೊಳ್ಳುವವರ ಮನಸ್ಸಿನಲ್ಲಿ ನಂಬಿಕೆ ಹುಟ್ಟಿಸುವುದು ಅಥವಾ ಅಳಿಸುವುದು. ಇನ್ನೊಂದು, ಅದನ್ನು ಹೇಗೆ ಬಳಸಬೇಕೆಂದು ಮೇಸ್ತ್ರಿಗೆ ಸುಳಿವು ಕೊಡುವುದು. ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕಟ್ಟಡಕ್ಕೆ ಹೆಚ್ಚು ಮುಖ್ಯವಾದದ್ದು ಎರಡನೆಯದು. 'ಇಟ್ಟಿಗೆ' ಅಂದರೆ ಮೇಸ್ತ್ರಿ ಅದನ್ನು ಇಟ್ಟಿಗೆಯಂತೆಯೇ ನೆನೆಸುತ್ತಾರೆ, 'ಸಿಮೆಂಟು' ಅಂದರೆ ಹಳೆಯ ಸಿಮೆಂಟಿನ ಲೆಕ್ಕದಲ್ಲೇ ನೀರು ಹೊಡೆದು ನಿಲ್ಲಿಸುತ್ತಾರೆ. ಬಳಕೆ ತಪ್ಪಿದಾಗ ಗೋಡೆ ಬಿರಿಯುತ್ತದೆ, ಕೆಟ್ಟ ಹೆಸರು ಸಾಮಗ್ರಿಗೆ ಬರುತ್ತದೆ.

## ಸಿಮೆಂಟಿಗೂ ಹೆಸರು ಎರವಲು ಬೇಕಾಗಿತ್ತು

ಈಗ ಯಾರೂ ಅನುಮಾನಿಸದ ಸಿಮೆಂಟು ಕೂಡ ಒಂದು ಕಾಲಕ್ಕೆ ಯಾರಿಗೂ ಗೊತ್ತಿಲ್ಲದ ಪುಡಿಯೇ. 1796ರಲ್ಲಿ ಇಂಗ್ಲೆಂಡಿನ ಜೇಮ್ಸ್ ಪಾರ್ಕರ್ ಪೇಟೆಂಟ್ ಪಡೆದ ಪುಡಿ 'ರೋಮನ್ ಸಿಮೆಂಟ್' ಎಂದು ಮಾರಾಟವಾಯಿತು. ರೋಮನ್ನರು ಅದನ್ನು ಬಳಸಿದವರಲ್ಲ. ಸಾವಿರಾರು ವರ್ಷ ನಿಂತ ರೋಮನ್ ಕಟ್ಟಡಗಳು ಕೊಳ್ಳುವವರ ಕಣ್ಣಮುಂದೆ ಬಂದರೆ ಸಾಕಿತ್ತು. 1824ರ ಅಕ್ಟೋಬರ್ 21ರಂದು ಲೀಡ್ಸ್‌ನ ಗಾರೆ ಕೆಲಸಗಾರ ಜೋಸೆಫ್ ಆಸ್ಪ್‌ಡಿನ್ 'ಕೃತಕ ಕಲ್ಲು' ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದು, ತನ್ನ ಪುಡಿಯನ್ನು 'ಪೋರ್ಟ್‌ಲ್ಯಾಂಡ್ ಸಿಮೆಂಟ್' ಎಂದು ಕರೆದ. ಪೋರ್ಟ್‌ಲ್ಯಾಂಡ್ ಅನ್ನುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಒಂದು ಜಾಗ. ಅಲ್ಲಿನ ಬಿಳಿಚು ಬಣ್ಣದ ಸುಣ್ಣಕಲ್ಲಿನಿಂದಲೇ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚು ಕಟ್ಟಿದ್ದು. ಗಟ್ಟಿಯಾದಾಗ ತನ್ನ ಪುಡಿ ಆ ಕಲ್ಲಿನಂತೆ ಕಾಣುತ್ತದೆ ಅನ್ನುವುದು ಆಸ್ಪ್‌ಡಿನ್ನನ ಮಾತು.

ಇವತ್ತಿನ ಸಿಮೆಂಟನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಆಸ್ಪ್‌ಡಿನ್ನನ ಪುಡಿ ಅಷ್ಟು ಕಾವು ಕಂಡಿರಲಿಲ್ಲ, ರಾಸಾಯನಿಕವಾಗಿಯೂ ಬೇರೆಯೇ ಆಗಿತ್ತು. ಆದರೂ ಕಲಬುರಗಿಯಲ್ಲಿ ತಯಾರಾಗುವ ಮೂಟೆಯ ಮೇಲೂ 'ಪೋರ್ಟ್‌ಲ್ಯಾಂಡ್' ಅನ್ನುವ ಪದ ಉಳಿದಿದೆ. ಜನ ನಂಬಿದ ಹಳೆಯ ವಸ್ತುವಿನ ಹೆಸರನ್ನು ಹೊಸದಕ್ಕೆ ಅಂಟಿಸುವುದು ಒಪ್ಪಿಗೆ ಪಡೆಯುವ ಮೊದಲ ದಾರಿ.

ತಯಾರಿಸಿದವರೇ ತಮ್ಮ ಹೆಸರು ಒತ್ತಿ ಹೊಣೆ ಹೊರುವುದು ಎರಡನೆಯ ದಾರಿ. ಅದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ಅಲ್ಲಿಯವರೆಗೆ ಮಾಡಿಗೆ ಹೊದಿಸುತ್ತಿದ್ದದ್ದು ಕುಂಬಾರರು ಕೈಯಲ್ಲಿ ಮಾಡಿದ, ಅರ್ಧ ಸೀಳಿದ ಕೊಳವೆಯ ಆಕಾರದ ನಾಡಹೆಂಚು. ಅದು ಒಂದರ ಮೇಲೊಂದು ಸುಮ್ಮನೆ ಕೂತಿರುತ್ತದೆ, ಜಾರುತ್ತದೆ. ಪ್ರತಿ ಮಳೆಗಾಲಕ್ಕೆ ಮುಂಚೆ ಕೈಯಾಡಿಸಬೇಕು. ಹೊಸ ಹೆಂಚಿನ ಅಂಚಿನಲ್ಲಿ ಗಾಡಿ (ಉದ್ದನೆಯ ತೋಡು) ಇತ್ತು, ಒಂದು ಇನ್ನೊಂದನ್ನು ಕಚ್ಚಿ ಹಿಡಿಯುತ್ತಿತ್ತು. ಕಾರ್ಖಾನೆಯವರು ಇನ್ನೊಂದು ಕೆಲಸವನ್ನೂ ಮಾಡಿದರು: ಸಂಸ್ಥೆಯ ಹೆಸರು, ಊರು, 1865 ಎಂಬ ಇಸವಿಯನ್ನು ಹಸಿ ಮಣ್ಣಿನ ಮೇಲೆ ಅಚ್ಚೊತ್ತಿ ಸುಟ್ಟರು. ಹಳೆಯ ಮನೆಯ ಅಟ್ಟ ಹತ್ತಿ ತಲೆ ಎತ್ತಿ ನೋಡಿದರೆ ಈಗಲೂ ಆ ಅಕ್ಷರಗಳನ್ನು ಬೆರಳಾಡಿಸಿ ಓದಬಹುದು. ಹೆಂಚು ಸೀಳಿದರೆ ಯಾರನ್ನು ಕೇಳಬೇಕು ಅನ್ನುವುದು ಹೆಂಚಿನ ಮೇಲೇ ಬರೆದಿತ್ತು. ಬೇರೆ ಕಾರ್ಖಾನೆಗಳೂ ತಮ್ಮ ತಮ್ಮ ಹೆಸರು, ಗುರುತುಗಳೊಂದಿಗೆ ಅದೇ ಆಕಾರದ ಹೆಂಚು ಸುಟ್ಟವು. ಕೊನೆಗೆ 'ಮಂಗಳೂರು ಹೆಂಚು' ಅನ್ನುವುದು ಒಂದು ಮಾದರಿಯ ಹೆಸರೇ ಆಗಿ, ಭಾರತೀಯ ಮಾನಕ ಐಎಸ್ 654ರ ಶೀರ್ಷಿಕೆಯಲ್ಲಿ 'ಮಂಗಳೂರು ಪ್ಯಾಟರ್ನ್' ಎಂದು ಸೇರಿಕೊಂಡಿತು.

## ಜಲ್ಲಿಪುಡಿಯೂ ಎಂ-ಸ್ಯಾಂಡೂ ಒಂದೇ ಅಲ್ಲ

ಹೊಳೆಮರಳು ಸಿಗುವುದು ಕಷ್ಟವಾದಂತೆ ಕರ್ನಾಟಕದ ಹೆಚ್ಚಿನ ಕಡೆ ಕಾಂಕ್ರೀಟಿಗೆ ಬರುತ್ತಿರುವುದು ಎಂ-ಸ್ಯಾಂಡ್. ಪತ್ರಿಕೆಗಳಲ್ಲಿ ಇದಕ್ಕೆ 'ಕೃತಕ ಮರಳು' ಎಂದೂ ಬರೆಯುತ್ತಾರೆ. 'ಕೃತಕ' ಅಂದ ಕೂಡಲೇ ಕಟ್ಟಿಸಿಕೊಂಡ ಹಲ್ಲು, ಪ್ಲಾಸ್ಟಿಕ್ ಹೂವು ನೆನಪಾಗುತ್ತವೆ. ನಿಜವಾಗಿ ಅದು ಗಟ್ಟಿ ಕಲ್ಲನ್ನೇ ಒಡೆದದ್ದು, ಹೆಚ್ಚಾಗಿ ಗ್ರಾನೈಟ್ ಜಾತಿಯದು. ಹೊಳೆಯಲ್ಲಿ ನೀರು ಸಾವಿರಾರು ವರ್ಷ ತೆಗೆದುಕೊಂಡು ಮಾಡುವ ಕೆಲಸವನ್ನು ಇಲ್ಲಿ ಯಂತ್ರ ಮಾಡುತ್ತದೆ.

ತೊಂದರೆ ಇರುವುದು ಇನ್ನೊಂದು ಹೆಸರಿನಲ್ಲಿ. ಜಲ್ಲಿ ಒಡೆಯುವಾಗ ಉದುರಿದ ಉಳಿಕೆಗೆ ಕ್ರಷರ್ ಡಸ್ಟ್ ಅಥವಾ ಜಲ್ಲಿಪುಡಿ ಅನ್ನುತ್ತಾರೆ. ಎರಡೂ ಬೂದು ಬಣ್ಣ, ಎರಡೂ ಕ್ರಷರ್‌ನಿಂದಲೇ ಬರುತ್ತವೆ. ಹಾಗಾಗಿ ಒಂದರ ಹೆಸರಿನಲ್ಲಿ ಇನ್ನೊಂದು ಲಾರಿ ಹತ್ತುತ್ತದೆ.

ವ್ಯತ್ಯಾಸವನ್ನು ಅಡುಗೆಮನೆಯ ಲೆಕ್ಕದಲ್ಲಿ ನೋಡೋಣ. ಹೊಳೆಮರಳು ರಾಗಿಕಾಳಿನ ಹಾಗೆ, ದುಂಡಗೆ, ಒಂದರ ಮೇಲೊಂದು ಉರುಳುತ್ತದೆ. ಜಲ್ಲಿಪುಡಿ ಅಕ್ಕಿ ನುಚ್ಚಿಗೆ ಹಿಟ್ಟು ಬೆರೆಸಿದ ಹಾಗೆ: ಚಪ್ಪಟೆ ಚೂರು, ಚೂಪು ಅಂಚು, ನಡುವೆ ನುಣ್ಣನೆಯ ಧೂಳು. ಚೂಪು ಅಂಚಿನ ಕಾಳುಗಳು ಒಂದಕ್ಕೊಂದು ಉಜ್ಜಿ ಸರಿಯಾಗಿ ಜಾರುವುದಿಲ್ಲ. ಧೂಳು ನೀರು ಹೀರುತ್ತದೆ. ಕಲಸಿದ್ದು ಬಿಗಿಯಾಗುತ್ತದೆ, ಕರಣೆ ಓಡುವುದಿಲ್ಲ. ಮೇಸ್ತ್ರಿ ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಆ ಹೆಚ್ಚುವರಿ ನೀರು ಆಮೇಲೆ ಆವಿಯಾಗಿ ಹೋದ ಜಾಗದಲ್ಲಿ ಸಣ್ಣ ತೂತುಗಳು ಉಳಿಯುತ್ತವೆ, ಕಾಂಕ್ರೀಟಿನ ಬಲ ಇಳಿಯುತ್ತದೆ, ಪ್ಲಾಸ್ಟರಿನ ಮೇಲೆ ಜೇಡರಬಲೆಯಂಥ ಬಿರುಕು ಬರುತ್ತದೆ.

ಎಂ-ಸ್ಯಾಂಡ್ ಮಾಡುವಾಗ ಇನ್ನೂ ಎರಡು ಕೆಲಸ ನಡೆಯುತ್ತವೆ. ವಿಎಸ್‌ಐ ಎಂಬ ಯಂತ್ರದಲ್ಲಿ ಕಲ್ಲುಚೂರುಗಳನ್ನು ಜೋರಾಗಿ ತಿರುಗಿಸಿ ಅಪ್ಪಳಿಸಿ, ಚಪ್ಪಟೆ ಚೂರುಗಳ ಅಂಚು ಮುರಿದು ದಾಳದ ಆಕಾರಕ್ಕೆ ತರುತ್ತಾರೆ. ಆಮೇಲೆ ನೀರಿನಲ್ಲಿ ತೊಳೆದು ಅಥವಾ ಗಾಳಿಯಲ್ಲಿ ತೂರಿ ಹೆಚ್ಚಿನ ಧೂಳನ್ನು ತೆಗೆಯುತ್ತಾರೆ. ರವೆ ಜರಡಿ ಹಿಡಿದು ಹಿಟ್ಟು ಬೇರೆ ಮಾಡಿದಂತೆ. ಐಎಸ್ 383ರ ಪ್ರಕಾರ ಒಡೆದ ಕಲ್ಲಿನ ಮರಳಿನಲ್ಲಿ 75 ಮೈಕ್ರಾನ್‌ಗಿಂತ ಸಣ್ಣ ಪುಡಿ 15%ವರೆಗೆ ಇರಬಹುದು. ಹೊಳೆಮರಳಿಗೆ ಈ ಮಿತಿ 3%. ಇಷ್ಟು ಅಂತರವಿರಲು ಕಾರಣವಿದೆ. ಹೊಳೆಮರಳಿನ ನುಣ್ಣನೆಯ ಭಾಗ ಸಾಮಾನ್ಯವಾಗಿ ಜೇಡಿ ಮತ್ತು ಮೆಕ್ಕಲು, ಅದು ಸಿಮೆಂಟಿನ ಹಿಡಿತ ತಪ್ಪಿಸುತ್ತದೆ. ಒಡೆದ ಮರಳಿನ ನುಣ್ಣನೆಯ ಭಾಗ ಕಲ್ಲೇ.

ಇಲ್ಲಿ ಹೆಸರಿನ ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳಬೇಕು. 1970ರ ಐಎಸ್ 383ರ ಶೀರ್ಷಿಕೆಯಲ್ಲಿ 'ನೈಸರ್ಗಿಕ ಮೂಲದ' ಅನ್ನುವ ಮಾತಿತ್ತು. ಒಳಗಡೆ ಒಡೆದ ಕಲ್ಲಿನ ಮರಳಿಗೆ ಆಗಲೇ ಜಾಗವಿತ್ತು, ಆದರೆ ಶೀರ್ಷಿಕೆಯನ್ನಷ್ಟೇ ಓದಿದವರಿಗೆ ಅದು ಹೊಳೆಮರಳಿನ ಪುಸ್ತಕವಾಗಿ ಕಂಡರೆ ಆಶ್ಚರ್ಯವಿಲ್ಲ. 2016ರ ಪರಿಷ್ಕರಣೆಯಲ್ಲಿ ಆ ಮಾತು ಬಿದ್ದುಹೋಯಿತು. ಜೊತೆಗೆ 'ಮ್ಯಾನುಫ್ಯಾಕ್ಚರ್ಡ್ ಸ್ಯಾಂಡ್' ಅನ್ನುವ ಪದವನ್ನು ಮಾನಕ ಬೇರೆಯದಕ್ಕೆ ಇಟ್ಟಿತು: ಹಳೆಯ ಕಾಂಕ್ರೀಟನ್ನು ಪುಡಿಮಾಡಿದ್ದು ಮುಂತಾದ, ನೈಸರ್ಗಿಕವಲ್ಲದ ಮೂಲದಿಂದ ಬಂದ ಮರಳಿಗೆ. ಅಂಗಡಿಯ ಎಂ-ಸ್ಯಾಂಡಿಗೆ ಮಾನಕದಲ್ಲಿರುವ ಹೆಸರು 'ಕ್ರಷ್ಡ್ ಸ್ಟೋನ್ ಸ್ಯಾಂಡ್'. ಪರೀಕ್ಷಾ ವರದಿಯಲ್ಲಿ ಎಂ-ಸ್ಯಾಂಡ್ ಅನ್ನುವ ಪದ ಕಾಣದಿದ್ದರೆ ಗಾಬರಿ ಬೇಡ.

ಲಾರಿ ಬಂದಾಗ ಮನೆಯವರೇ ಮಾಡಬಹುದಾದದ್ದು ಇಷ್ಟು. ಒಂದು ಹಿಡಿ ಮರಳನ್ನು ಒದ್ದೆ ಮಾಡಿ ಎರಡು ಅಂಗೈ ನಡುವೆ ಉಜ್ಜಿ, ನೀರಿನಲ್ಲಿ ಅದ್ದಿ ತೆಗೆಯಿರಿ. ಕಲ್ಲಿನ ಧೂಳಾದರೆ ತೊಳೆದುಹೋಗುತ್ತದೆ. ಅಂಗೈ ಗೆರೆಗಳಲ್ಲಿ ಕೆಂಪೋ ಕಂದೋ ಬಣ್ಣ ಜಿಗುಟಾಗಿ ಉಳಿದರೆ ಕ್ವಾರಿಯ ಮೇಲ್ಮಣ್ಣು ಸೇರಿದೆ, ಆ ಲೋಡ್ ಕಾಂಕ್ರೀಟಿಗೆ ಬೇಡ. ಬಿಲ್ಲಿನಲ್ಲಿ 'ಡಸ್ಟ್' ಎಂದು ಬರೆದಿದ್ದರೆ, ಡ್ರೈವರ್ ಏನೇ ಹೇಳಿದರೂ ಅದು ಡಸ್ಟೇ. ಪ್ಲಾಸ್ಟರಿಗೆ ಇನ್ನೂ ಸಣ್ಣ ಜರಡಿಯ ಪಿ-ಸ್ಯಾಂಡ್ ಬೇರೆಯೇ ಸಿಗುತ್ತದೆ. ಕಾಂಕ್ರೀಟಿನ ಮರಳನ್ನು ಗೋಡೆಗೆ ಬಳಿದರೆ ಒರಟಾಗುತ್ತದೆ, ಮೇಸ್ತ್ರಿ ಅದನ್ನು ಮುಚ್ಚಲು ಮೇಲೆ ಸಿಮೆಂಟ್ ತಿಳಿ ಬಳಿಯುತ್ತಾರೆ, ಬಿರುಕು ಅಲ್ಲಿಂದಲೇ ಶುರು.

## 'ಬೂದಿ ಬೆರಕೆ' ಅನ್ನುವ ಮಾತಿನ ಬೆಲೆ

ಬೂದಿ ಬೆರೆತ ಸಿಮೆಂಟಿಗೆ ಅಂಗಡಿಯಲ್ಲಿ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್) ಅನ್ನುತ್ತಾರೆ. ಅದರ ಮೂಟೆಯ ಮೇಲೆ 'ಫ್ಲೈ ಆ್ಯಶ್ ಬೇಸ್ಡ್' ಎಂದು ಅಚ್ಚಾಗಿರುತ್ತದೆ. ಶಕ್ತಿನಗರದಂಥ ಉಷ್ಣವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲ ಪುಡಿ ಉರಿದಾಗ ಹೊಗೆಯ ಜೊತೆ ಮೇಲೇರುವ ನುಣುಪಾದ ಬೂದಿಯೇ ಹಾರುಬೂದಿ. ಐಎಸ್ 1489ರ ಪ್ರಕಾರ ಪಿಪಿಸಿಯಲ್ಲಿ ಅದು 15ರಿಂದ 35% ಇರಬಹುದು. 'ಹಾಲಿಗೆ ನೀರು ಬೆರೆಸಿದ ಹಾಗೆ' ಎಂದು ಜನ ಅಂದುಕೊಳ್ಳುವುದು ಸಹಜ. ಆದರೆ ನೀರು ಬೆರೆತರೆ ಹಾಲು ತೆಳ್ಳಗಾಗುತ್ತದೆ ಅಷ್ಟೇ. ಹಾರುಬೂದಿ ಸಿಮೆಂಟಿನ ಜೊತೆ ಕೂಡಿ ಕೆಲಸ ಮಾಡುತ್ತದೆ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಒಂದಿಷ್ಟು ಸುಣ್ಣ ಬಿಡುಗಡೆಯಾಗುತ್ತದೆ. ಅದು ಬಲ ಕೊಡುವ ಭಾಗವಲ್ಲ, ನೀರಿನಲ್ಲಿ ಕರಗಿ ಹೊರಬರುವಂಥದ್ದು. ಹಾರುಬೂದಿಯಲ್ಲಿರುವ ಸಿಲಿಕಾ ಆ ಸುಣ್ಣವನ್ನು ಹಿಡಿದು ಅಂಟಾಗಿ ಬದಲಾಯಿಸುತ್ತದೆ, ಕಾಂಕ್ರೀಟಿನ ಒಳಗಿನ ಸೂಕ್ಷ್ಮ ತೂತುಗಳು ಮುಚ್ಚುತ್ತವೆ.

ಈ ಕೆಲಸ ನಿಧಾನ. ಅದು ನಡೆಯಲು ತೇವ ಬೇಕು. ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಿನದನ್ನು ಕನಿಷ್ಠ 10 ದಿನ ಸತತವಾಗಿ ಒದ್ದೆಯಾಗಿಡಬೇಕು. ಬಿಸಿಲೂ ಒಣಗಾಳಿಯೂ ಇದ್ದರೆ ಇದು 10 ಮತ್ತು 14 ದಿನಕ್ಕೆ ಏರುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿಗೆ 14ನ್ನೇ ಹಿಡಿಯಬೇಕು.

ಎರಡೂ ಕಡೆಯ ಮಾತು ಎಡವುವುದು ಇಲ್ಲೇ. 'ಬೂದಿ ಬೆರಕೆ' ಅನ್ನುವವರು ಒಳ್ಳೆಯ ಸಾಮಗ್ರಿಯನ್ನು ದೂರ ತಳ್ಳುತ್ತಾರೆ. 'ಇದೂ ಸಿಮೆಂಟೇ, ಏನೂ ವ್ಯತ್ಯಾಸವಿಲ್ಲ' ಎಂದು ಮಾರುವವರು ಆ ಹೆಚ್ಚಿನ ಮೂರ್ನಾಲ್ಕು ದಿನಗಳನ್ನು ಮುಚ್ಚಿಡುತ್ತಾರೆ. 7ನೇ ದಿನಕ್ಕೆ ನೀರು ನಿಲ್ಲಿಸಿ, ಸೆಂಟ್ರಿಂಗ್‌ನ್ನು ಹಳೆಯ ಲೆಕ್ಕದಲ್ಲೇ ಬಿಚ್ಚಿದರೆ ಮೌಲ್ಡಿನ ಮೇಲೆ ಬಿರುಕು ಕಾಣುತ್ತದೆ, ಬೂದಿಗೆ ಶಾಪ ತಟ್ಟುತ್ತದೆ. ವ್ಯತ್ಯಾಸ ಇದೆ ಎಂದು ಬಾಯಿಬಿಟ್ಟು ಹೇಳುವುದೇ ಈ ಸಾಮಗ್ರಿಯನ್ನು ಉಳಿಸುವ ಮಾತು.

## ಮಣ್ಣಿನ ಬ್ಲಾಕು: ಹತ್ತು ಹೆಸರು, ಒಂದು ವಸ್ತು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುವ ಒಂದು ಘಟಕ ಶುರುವಾಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಅಸ್ತ್ರ'. ಆ ಹೆಸರು ಕನ್ನಡದ ಕಿವಿಗೆ ಎಷ್ಟು ಹೊಂದಿತೆಂದರೆ, ಅಲ್ಲಿಂದ ಬಂದ ಹೊಗೆ ಕಡಿಮೆಯ ಒಲೆ 'ಅಸ್ತ್ರ ಒಲೆ' ಎಂದೇ ಹಳ್ಳಿಗಳಲ್ಲಿ ಪರಿಚಿತವಾಯಿತು. ಅದೇ ಘಟಕದಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿನ ಬ್ಲಾಕಿನ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಬ್ಲಾಕಿಗೆ ಮಾತ್ರ ಒಲೆಗೆ ಸಿಕ್ಕಂಥ ಹೆಸರು ಸಿಗಲಿಲ್ಲ. ಎಸ್‌ಎಂಬಿ, ಸಿಎಸ್‌ಇಬಿ, ಮಡ್ ಬ್ಲಾಕ್, ಸಾಯಿಲ್ ಸಿಮೆಂಟ್ ಬ್ಲಾಕ್, ಸ್ಥಿರೀಕೃತ ಮಣ್ಣಿನ ಇಟ್ಟಿಗೆ. 'ಸ್ಥಿರೀಕೃತ' ಅನ್ನುವ ಪದವನ್ನು ಯಾವ ಮೇಸ್ತ್ರಿಯೂ ಬಾಯಲ್ಲಿ ಆಡುವುದಿಲ್ಲ.

ವಸ್ತು ಏನು ಅಂದರೆ, ಮರಳು ಹೆಚ್ಚಿರುವ ಕೆಂಪು ಮಣ್ಣಿಗೆ ತೂಕದಲ್ಲಿ 6ರಿಂದ 8% ಸಿಮೆಂಟು ಕಲಸಿ, ಸ್ವಲ್ಪವೇ ತೇವ ಮಾಡಿ, ಕೈಯಂತ್ರದಲ್ಲಿ ಒತ್ತಿ ತೆಗೆದ ಗಟ್ಟಿ. ಚಾಲ್ತಿಯಲ್ಲಿರುವ ಅಳತೆ ಎರಡು: 305×143×100 ಮಿ.ಮೀ. ಮತ್ತು 230×190×100 ಮಿ.ಮೀ. ಎರಡರ ಗಾತ್ರವೂ ಹೆಚ್ಚುಕಡಿಮೆ ಒಂದೇ, ಒಣಗಿದ ಮೇಲೆ ತೂಕ 8 ಕಿಲೋದ ಆಸುಪಾಸು. ಹಸಿ ಇಟ್ಟಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ ಮಾತಿನಲ್ಲಿ: ಹಸಿ ಇಟ್ಟಿಗೆಯನ್ನು ನೀರಿನಲ್ಲಿ ಮುಳುಗಿಸಿದರೆ ಕೆಸರಾಗುತ್ತದೆ, ಇದು ಆಗುವುದಿಲ್ಲ.

ಹೆಸರಿನಲ್ಲಿ 'ಮಣ್ಣು' ಇರುವುದರ ಪರಿಣಾಮ ಕಾಗದದಲ್ಲೂ ಕಾಣುತ್ತದೆ. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಗೋಡೆಯ ಸಾಮಗ್ರಿಗೆ ಕೊಟ್ಟ ಆಯ್ಕೆಗಳಲ್ಲಿ 'ಸುಟ್ಟ ಇಟ್ಟಿಗೆ', 'ಕಾಂಕ್ರೀಟ್', 'ಮಣ್ಣು/ಸುಡದ ಇಟ್ಟಿಗೆ', 'ಇತರೆ' ಇದ್ದವು. ಸಿಮೆಂಟು ಬೆರೆಸಿ ಒತ್ತಿದ ಬ್ಲಾಕು ಸುಟ್ಟದ್ದಲ್ಲ. ಅದಕ್ಕೆ ಉಳಿಯುವುದು ಕೊನೆಯ ಎರಡು ಆಯ್ಕೆಗಳೇ. ಇಟ್ಟಿಗೆಯ ವಿಷಯಕ್ಕೆ ಬಂದರೆ ಕಚ್ಚಾ–ಪಕ್ಕಾ ಅನ್ನುವ ವಿಂಗಡಣೆ ಬೆಂಕಿಯನ್ನು ನೋಡುತ್ತದೆ, ಬಲವನ್ನು ನೋಡುವುದಿಲ್ಲ. ಹಾಗಾಗಿ ಸಾಲದ ಅರ್ಜಿಯ ಜೊತೆಗಿಡುವ ಅಂದಾಜುಪಟ್ಟಿಯಲ್ಲಿ 'ಮಣ್ಣಿನ ಗೋಡೆ' ಎಂದು ಬರೆಯಬಾರದು. 'ಐಎಸ್ 1725ರ ಪ್ರಕಾರದ ಸ್ಟೆಬಿಲೈಸ್ಡ್ ಸಾಯಿಲ್ ಬ್ಲಾಕ್, ಸಿಮೆಂಟ್ 7%' ಎಂದು ಬರೆದು ಪರೀಕ್ಷಾ ವರದಿ ಲಗತ್ತಿಸಬೇಕು. ಆ ಮಾನಕದ ಹೆಸರೇ 1982ರಲ್ಲಿ 'ಸಾಯಿಲ್ ಬೇಸ್ಡ್ ಬ್ಲಾಕ್ಸ್' ಇದ್ದದ್ದು 2013ರಲ್ಲಿ 'ಸ್ಟೆಬಿಲೈಸ್ಡ್ ಸಾಯಿಲ್ ಬ್ಲಾಕ್ಸ್' ಆಯಿತು.

ಕರಾವಳಿಯಲ್ಲಿ ನಡೆದದ್ದು ಬೇರೆ. ಕೆಂಪುಕಲ್ಲಿನ ಪುಡಿಗೆ ಸಿಮೆಂಟು ಬೆರೆಸಿ, ಗಾಡಿ ಇರುವ ಅಚ್ಚಿನಲ್ಲಿ ಒತ್ತಿದ ಇಂಥದ್ದೇ ಬ್ಲಾಕು ಅಲ್ಲಿ 'ಇಂಟರ್‌ಲಾಕ್ ಇಟ್ಟಿಗೆ' ಎಂದು ಮಾರಾಟವಾಗುತ್ತದೆ. ಮಣ್ಣು ಅನ್ನುವ ಪದವೇ ಹತ್ತಿರ ಸುಳಿಯುವುದಿಲ್ಲ. ಹೆಸರು ವಸ್ತುವಿನ ಮೂಲವನ್ನು ಬಿಟ್ಟು ಅದು ಮಾಡುವ ಕೆಲಸವನ್ನು ಹೇಳುತ್ತದೆ: ಒಂದನ್ನೊಂದು ಕಚ್ಚಿ ಕೂರುತ್ತದೆ. ಮೇಸ್ತ್ರಿಗೂ ಅದರಲ್ಲಿ ಸೂಚನೆ ಇದೆ.

'ಇಟ್ಟಿಗೆ' ಅನ್ನುವ ಪದ ಮಾಡುವ ಹಾನಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಹೆಚ್ಚಿನ ಗೋಡೆಗಳು ಕೆಡುವುದು ಇದರಿಂದ.

ಸುಟ್ಟ ಇಟ್ಟಿಗೆ ಗೂಡಿನಿಂದ ಹೊರಬಂದಾಗಲೇ ಅದರ ಕೆಲಸ ಮುಗಿದಿರುತ್ತದೆ. ಇಟ್ಟಿಗೆ ಬೆಂಕಿಯಲ್ಲಿ ಬೇಯುತ್ತದೆ; ಈ ಬ್ಲಾಕು ನೀರಿನಲ್ಲಿ ಬೇಯಬೇಕು. ಒತ್ತಿ ತೆಗೆದದ್ದನ್ನು ನೆರಳಿನಲ್ಲಿ ಐದಾರು ಸಾಲು ಎತ್ತರಕ್ಕೆ ಜೋಡಿಸಿ, ಗೋಣಿಚೀಲವೋ ಹುಲ್ಲೋ ಹೊದಿಸಿ, ಮೂರರಿಂದ ನಾಲ್ಕು ವಾರ ನೀರು ಚಿಮುಕಿಸಬೇಕು. 'ಇಟ್ಟಿಗೆ ಒಣಗಲಿ' ಎಂದು ಬಿಸಿಲಿಗೆ ಹರಡಿದರೆ ಸಿಮೆಂಟು ಅರ್ಧಕ್ಕೇ ನಿಲ್ಲುತ್ತದೆ. ಹೊರಗೆ ಗಟ್ಟಿ, ಮೂಲೆ ಉಜ್ಜಿದರೆ ಪುಡಿ.

ಇಟ್ಟಿಗೆಯನ್ನು ಕಟ್ಟುವ ಮುಂಚೆ ತೊಟ್ಟಿಯಲ್ಲಿ ಗುಳ್ಳೆ ನಿಲ್ಲುವವರೆಗೆ ಮುಳುಗಿಸುವುದು ರೂಢಿ. ಬ್ಲಾಕನ್ನು ಹಾಗೆ ಮಾಡಿದರೆ ಗಾರೆಯ ಹಾಲನ್ನು ಹೀರಲು ಅದರೊಳಗೆ ಜಾಗವೇ ಉಳಿಯುವುದಿಲ್ಲ, ಹಿಡಿತ ಬರುವುದಿಲ್ಲ. ಪೂರ್ತಿ ಒಣಗಿದ್ದರೆ ಗಾರೆಯ ನೀರನ್ನೆಲ್ಲ ಹೀರಿ ಸಿಮೆಂಟನ್ನು ಬಾಯಾರಿಸುತ್ತದೆ. ಇಡುವ ಹೊತ್ತಿಗೆ ಮೈಮೇಲೆ ನೀರು ಹಾಯಿಸಿದರೆ ಸಾಕು.

ಇನ್ನು ಗಾರೆ. 'ಮಣ್ಣು ತಾನೇ, ಗಾರೆಯಾದರೂ ಗಟ್ಟಿ ಇರಲಿ' ಎಂದು ಒಂದಕ್ಕೆ ನಾಲ್ಕರ ಸಿಮೆಂಟು ಗಾರೆ ಹಾಕುತ್ತಾರೆ. ಗಾರೆ ಬ್ಲಾಕಿಗಿಂತ ಬಿರುಸಾದರೆ, ಅದು ಕುಗ್ಗುವಾಗ ಬಿರುಕು ಕೂಡುಗೆರೆಯಲ್ಲಿ ಉಳಿಯದೆ ಬ್ಲಾಕನ್ನೇ ಸೀಳುತ್ತದೆ. ಸಿಮೆಂಟು, ಮಣ್ಣು, ಮರಳು ಮೂರೂ ಬೆರೆತ ಮೆದು ಗಾರೆ, ಅಥವಾ ಸಿಮೆಂಟು–ಸುಣ್ಣ–ಮರಳಿನ 1:1:6 ಗಾರೆ ಸರಿಹೋಗುತ್ತದೆ.

ಮಣ್ಣಿನ ಆಯ್ಕೆಗೆ ದುಬಾರಿ ಪರೀಕ್ಷೆ ಬೇಕಿಲ್ಲ. ನೇರ ಗೋಡೆಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಟ್ಟರೆ ಒಂದೆರಡು ನಿಮಿಷದಲ್ಲಿ ಮರಳು ತಳ ಸೇರುತ್ತದೆ, ಅರ್ಧ ಗಂಟೆಯಲ್ಲಿ ಮೆಕ್ಕಲು, ಮರುದಿನದ ಹೊತ್ತಿಗೆ ಜೇಡಿ. ಮೂರು ಪದರಗಳನ್ನು ಸ್ಕೇಲಿನಲ್ಲಿ ಅಳೆಯಿರಿ. ಮರಳು 65–70%, ಜೇಡಿ 10–15% ಇದ್ದರೆ ಹದವಾದ ಮಣ್ಣು. ಜೇಡಿ ಹೆಚ್ಚಿದ್ದರೆ ಮರಳು ಅಥವಾ ಜಲ್ಲಿಪುಡಿ ಬೆರೆಸಬೇಕು. ಕಾಂಕ್ರೀಟಿಗೆ ಬೇಡವೆಂದ ಪುಡಿಗೆ ಇಲ್ಲಿ ಒಳ್ಳೆಯ ಉಪಯೋಗವಿದೆ. ಬಯಲುಸೀಮೆಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಅದನ್ನು ಬರೀ ಸಿಮೆಂಟು ಹಿಡಿದಿಡಲಾರದು, ಸುಣ್ಣ ಬೇಕು.

ಸಿಮೆಂಟು ಸರಿಯಾಗಿ ಬಿದ್ದಿದೆಯೇ ಎಂದು ನೋಡಲು ಬ್ಲಾಕು ಎಣಿಸಿದರೆ ಸಾಕು. 7% ಲೆಕ್ಕದಲ್ಲಿ 50 ಕಿಲೋ ಮೂಟೆಗೆ 95ರಿಂದ 100 ಬ್ಲಾಕು ಬರಬೇಕು. 130 ಬಂದಿದೆ ಅಂದರೆ ಸಿಮೆಂಟು 5%ರ ಹತ್ತಿರಕ್ಕೆ ಇಳಿದಿದೆ, ಇಲ್ಲವೇ ಅಚ್ಚಿಗೆ ಮಣ್ಣು ಕಡಿಮೆ ಬಿದ್ದು ಬ್ಲಾಕು ಹಗುರಾಗಿದೆ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಊಟಕ್ಕೆ ಹೋಗುವ ಮುಂಚೆ ಕಲಸಿಟ್ಟ ರಾಶಿ ಬಿಸಾಡುವ ರಾಶಿ. ಪ್ರಯೋಗಾಲಯದ ವರದಿಯಲ್ಲಿ ನೋಡಬೇಕಾದದ್ದು ನೆನೆದ ಬ್ಲಾಕಿನ ಬಲ. ಒಣಗಿದ ಬ್ಲಾಕಿನ ಅಂಕಿ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ, ಮಳೆಗಾಲದಲ್ಲಿ ಅದು ಉಪಯೋಗಕ್ಕೆ ಬಾರದು.

## ಹೆಸರು ಮುಚ್ಚಿಡುವುದೂ ಉಂಟು

ಕನ್ನಡದಲ್ಲಿ ಅಸ್ಬೆಸ್ಟಾಸ್‌ಗೆ ಒಂದು ಸೊಗಸಾದ ಪದವಿದೆ: ಕಲ್ನಾರು. ಕಲ್ಲಿನ ನಾರು. ಅದು ಏನು, ಎಲ್ಲಿಂದ ಬಂತು, ಕೈಯಲ್ಲಿ ಹಿಡಿದರೆ ಹೇಗಿರುತ್ತದೆ ಎಲ್ಲವೂ ಆ ಪದದಲ್ಲಿವೆ. ಅಂಗಡಿಯಲ್ಲಿ ಮಾತ್ರ ಅದು 'ಸಿಮೆಂಟ್ ಶೀಟ್'. 1901ರಲ್ಲಿ ಆಸ್ಟ್ರಿಯಾದ ಲುಡ್ವಿಗ್ ಹಾಚೆಕ್ ಈ ಹಾಳೆಗೆ ಪೇಟೆಂಟ್ ಪಡೆದಾಗ ಇಟ್ಟ ಹೆಸರು 'ಎಟರ್ನಿಟ್', ಲ್ಯಾಟಿನ್ನಿನ ಶಾಶ್ವತ ಅನ್ನುವ ಪದದಿಂದ ಬಂದದ್ದು. ಆ ಎಳೆಗಳು ಉಸಿರಿನ ಜೊತೆ ಒಳಹೋದರೆ ದಶಕಗಳ ಮೇಲೆ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ತರುತ್ತವೆ. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ಬಳಕೆ ನಿಷಿದ್ಧ. ನಮ್ಮಲ್ಲಿ ಮಾರಾಟ ನಡೆದಿದೆ. ಮಾಡಿನ ಮೇಲೆ ಸುಮ್ಮನೆ ಕೂತಿರುವ ಶೀಟಿಗಿಂತ ಅದನ್ನು ಗರಗಸದಲ್ಲಿ ಒಣಗಿದ್ದಂತೆಯೇ ಕೊಯ್ಯುವಾಗ, ತೂತು ಹೊಡೆಯುವಾಗ, ಒಡೆದು ಬಿಸಾಡುವಾಗ ಅಪಾಯ ಹೆಚ್ಚು. 'ಸಿಮೆಂಟ್ ಶೀಟ್' ಅನ್ನುವ ಹೆಸರಿನಿಂದ ಕೊಯ್ಯುವವನಿಗೆ ಮೂಗು ಮುಚ್ಚಿಕೊಳ್ಳಬೇಕೆಂದು ತಿಳಿಯುವುದು ಹೇಗೆ? ಹೆಸರು ನಯವಾಗಿದ್ದರೆ ಸಾಲದು, ಕೈಹಾಕುವವರಿಗೆ ಬೇಕಾದ ಎಚ್ಚರಿಕೆ ಅದರಲ್ಲಿರಬೇಕು. 'ಇಕೋ', 'ಗ್ರೀನ್', 'ಕೂಲ್' ಎಂದು ಬರೆದ ಪೊಟ್ಟಣಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಆ ಪದದ ಹಿಂದೆ ಮಾನಕದ ಸಂಖ್ಯೆಯಾಗಲಿ, ಪರೀಕ್ಷೆಯ ಅಂಕಿಯಾಗಲಿ ಇದೆಯೇ ಎಂದು ಕೇಳಬೇಕು.

## ಚಿತ್ರ ಯಾವ ಭಯಕ್ಕೆ ಉತ್ತರ ಕೊಡುತ್ತದೆ?

ಕಬ್ಬಿಣ ಹಾಕಿದ ಕಾಂಕ್ರೀಟು ಯುರೋಪಿನಲ್ಲಿ ಹೊಸದಾಗಿದ್ದಾಗ ಕಬ್ಬಿಣ ಕಣ್ಣಿಗೆ ಕಾಣುತ್ತಿರಲಿಲ್ಲ, ಅದೇ ತೊಡಕಾಗಿತ್ತು. ಒಳಗೆ ಏನಿದೆಯೋ ಯಾರು ಬಲ್ಲರು? 1892ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದ ಫ್ರಾನ್ಸ್ವಾ ಎನ್ನೆಬಿಕ್ 1898ರಿಂದ ತನ್ನದೇ ಪತ್ರಿಕೆ ತಂದ. ಕಟ್ಟಿ ಮುಗಿಸಿದ ಸೇತುವೆ, ಗೋದಾಮುಗಳ ಫೋಟೋಗಳ ಜೊತೆ ಚಪ್ಪಡಿಯ ಮೇಲೆ ಭಾರ ಹೇರಿ ಪರೀಕ್ಷಿಸಿದ್ದನ್ನೂ ಜನರಿಗೆ ತಿಳಿಸಿದ. ಆಗಿನ ಊರುಗಳ ದೊಡ್ಡ ಭಯ ಬೆಂಕಿ. ಅನಾಹುತದ ಬೆಂಕಿ ಇನ್ನಿಲ್ಲ ಅನ್ನುವುದು ಅವನ ಘೋಷಣೆ. ಭಾರಕ್ಕೆ ಮುರಿಯುತ್ತದೆಯೇ, ಬೆಂಕಿಗೆ ಉರಿಯುತ್ತದೆಯೇ ಎಂದು ಜನ ಕೇಳುತ್ತಿದ್ದ ಎರಡು ಪ್ರಶ್ನೆಗೆ ಆ ಎರಡನ್ನೇ ತೋರಿಸಿದ.

ಈಗಿನ ಎಎಸಿ ಬ್ಲಾಕಿನ (ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟಿನದು) ಜಾಹೀರಾತಿನಲ್ಲಿ ಬ್ಲಾಕು ನೀರಿನ ಮೇಲೆ ತೇಲುತ್ತದೆ. ಅದು ಸುಳ್ಳಲ್ಲ. ಘನ ಮೀಟರಿಗೆ 550–650 ಕಿಲೋ ತೂಗುವ ವಸ್ತು ತೇಲಲೇಬೇಕು. ಆದರೆ ಮನೆ ಕಟ್ಟುವವರ ಪ್ರಶ್ನೆ ಬೇರೆ: ಟಿವಿ ನೇತುಹಾಕಿದರೆ ಮೊಳೆ ನಿಲ್ಲುತ್ತದೆಯೇ, ಗೋಡೆ ಬಿರಿಯುತ್ತದೆಯೇ? ಸಾಮಾನ್ಯ ಮೊಳೆ ನಿಲ್ಲುವುದಿಲ್ಲ, ಅದಕ್ಕೆಂದೇ ಇರುವ ಪ್ಲಗ್ಗು ಬೇಕು. ಸುಮಾರು 3 ಮಿ.ಮೀ.ನ ತೆಳು ಅಂಟುಗಾರೆ ಬಿಟ್ಟು ದಪ್ಪ ಗಾರೆ ಹಾಕಿದರೆ ಬಿರುಕು ಹೆಚ್ಚು. ಆ ಪ್ಲಗ್ಗಿನ, ಆ ತೆಳು ಗಾರೆಯ ಚಿತ್ರ ಹಾಕಿದರೆ ದೂರುಗಳು ಅರ್ಧ ಕಡಿಮೆಯಾದಾವು.

ಮಣ್ಣಿನ ಬ್ಲಾಕಿಗೆ ಎರಡು ಭಯ ಅಂಟಿವೆ. ಮೊದಲನೆಯದು ಮಳೆ. ಹೊಸ ಮನೆಯ ಮುಂಬಾಗಿಲಿನ ಹೊಳೆಯುವ ಫೋಟೋ ಇದಕ್ಕೆ ಉತ್ತರವಲ್ಲ. 28 ದಿನ ತುಂಬಿದ ಬ್ಲಾಕನ್ನು ಬಕೆಟ್ಟಿನಲ್ಲಿ 24 ಗಂಟೆ ಮುಳುಗಿಸಿಟ್ಟು, ತೆಗೆದು, ಅದರ ಚೂಪು ಮೂಲೆಯನ್ನು ಹೆಬ್ಬೆರಳಿನಿಂದ ಒತ್ತುವ ಹತ್ತು ಸೆಕೆಂಡಿನ ವಿಡಿಯೋ ಉತ್ತರ. ಬೆರಳಿಗೆ ಬಣ್ಣ ಹತ್ತಬಹುದು, ಮೂಲೆ ಕುಸಿಯಬಾರದು. ಎರಡನೆಯದು ನೋಟದ್ದು. ನಮ್ಮ ಊರುಗಳಲ್ಲಿ ಪ್ಲಾಸ್ಟರ್ ಕಾಣದ ಗೋಡೆ ಅಂದರೆ ದುಡ್ಡು ಮುಗಿದು ನಿಂತ ಮನೆ ಎಂದೇ ಅರ್ಥ. ಬ್ಲಾಕಿನ ಗೋಡೆಯನ್ನು ಹಾಗೇ ಬಿಡುವುದಾದರೆ ಅದು ಬೇಕೆಂದೇ ಬಿಟ್ಟದ್ದು ಅನ್ನುವುದು ಕಣ್ಣಿಗೆ ಕಾಣಬೇಕು: ಕೂಡುಗೆರೆಗಳನ್ನು ಒಂದೇ ಆಳಕ್ಕೆ ಗೀರಿ ತುಂಬಿರಬೇಕು, ಕಿಟಕಿಯ ಸುತ್ತ ನೇರ ಪಟ್ಟಿ ಎಳೆದಿರಬೇಕು, ವೈರಿನ ಪೈಪುಗಳು ಗೋಡೆ ಏಳುವಾಗಲೇ ಒಳಗೆ ಕೂತಿರಬೇಕು. ಕಟ್ಟಿದ ಮೇಲೆ ಕೊರೆದು ತೇಪೆ ಹಾಕಿದ ಗೋಡೆಯ ಫೋಟೋ ಯಾರನ್ನೂ ಒಪ್ಪಿಸಲಾರದು.

ಮೊದಲ ಕಟ್ಟಡ ಎಲ್ಲಿ ಏಳುತ್ತದೆ ಅನ್ನುವುದೂ ಒಂದು ಚಿತ್ರವೇ. ಹೊಸ ಸಾಮಗ್ರಿಯನ್ನು ಸರ್ಕಾರಿ ವಸತಿ ಯೋಜನೆಯ ಮನೆಗಳಲ್ಲಿ ಮಾತ್ರ ಬಳಸಿದರೆ ಅದು 'ಬಡವರ ಸಾಮಗ್ರಿ' ಆಗಿಬಿಡುತ್ತದೆ, ಬಡವರೇ ಅದನ್ನು ಮೊದಲು ಬೇಡ ಅನ್ನುತ್ತಾರೆ. ಬೆಂಗಳೂರಿನಲ್ಲಿ ಪಾಯಕ್ಕೆ ತೋಡಿದ ಮಣ್ಣನ್ನೇ ಒತ್ತಿ ಕಟ್ಟಿಸಿಕೊಂಡ ಮಧ್ಯಮವರ್ಗದ ಮನೆಗಳು ಬ್ಲಾಕಿನ ಬಗ್ಗೆ ಇದ್ದ ಮಾತನ್ನು ಎಷ್ಟೋ ಬದಲಾಯಿಸಿದವು.

ಕೊಳ್ಳುವವರಿಗಿಂತ ಮೇಸ್ತ್ರಿಗೆ ಚಿತ್ರ ಹೆಚ್ಚು ಬೇಕು. ಬೆಂಗಳೂರಿನ ಒಂದು ಸೈಟಿನಲ್ಲಿ ಯಾದಗಿರಿಯವರು, ಬಿಹಾರದವರು, ಒಡಿಶಾದವರು ಒಟ್ಟಿಗೆ ಇರುತ್ತಾರೆ. ಕನ್ನಡದ ಕರಪತ್ರ ಎಲ್ಲರಿಗೂ ಮುಟ್ಟುವುದಿಲ್ಲ. ಯಂತ್ರದ ಪಕ್ಕದ ಗೋಡೆಗೆ ಅಂಟಿಸುವ ಹಾಳೆಯಲ್ಲಿ ಶೇಕಡಾ ಲೆಕ್ಕ ಬೇಡ. ಒಂದು ಮೂಟೆ, ಅದರ ಮುಂದೆ ಹತ್ತರ ಸಾಲಿನಂತೆ ಜೋಡಿಸಿದ ನೂರು ಬ್ಲಾಕು. ಅಳತೆಗೆ 40×35×25 ಸೆಂ.ಮೀ.ನ ಪೆಟ್ಟಿಗೆ ಬರೆದರೆ ಸಾಕು, ಅದು 35 ಲೀಟರು, ಅಂದರೆ ಒಂದು ಮೂಟೆ ಸಿಮೆಂಟಿನ ಗಾತ್ರ. ಗೋಣಿಚೀಲ ಹೊದ್ದ ರಾಶಿ, ಮೇಲೆ ನೀರಿನ ಹನಿ, ಪಕ್ಕದಲ್ಲಿ ಇಪ್ಪತ್ತೆಂಟು ಗೀಟು. ದಿನಕ್ಕೊಂದು ಗೀಟು ಅಳಿಸುವುದು. ತಪ್ಪು ವಿಧಾನದ ಚಿತ್ರ ಬರೆದು ಕೆಂಪು ಗುಣಿಸು ಗುರುತು (×) ಹಾಕುವುದು ಅಷ್ಟು ಫಲಕಾರಿಯಲ್ಲ: ದಿನಾ ನೋಡುವ ಕಣ್ಣಿಗೆ ಗುಣಿಸು ಮರೆತು ಚಿತ್ರ ಉಳಿಯುತ್ತದೆ. ತಪ್ಪನ್ನು ತೋರಿಸಲೇಬೇಕಿದ್ದರೆ ಪಕ್ಕದಲ್ಲೇ ಅದರಿಂದ ಬಿರಿದ ಗೋಡೆಯನ್ನೂ ಬರೆಯಬೇಕು.

ಇನ್ನು ಎಲ್ಲರಿಗೂ ಬೇಕಾದ, ಯಾರೂ ತೆಗೆಯದ ಫೋಟೋ ಒಂದಿದೆ. ಮನೆ ಮುಗಿದ ವರ್ಷ, ಗಾಳಿಮಳೆ ಹೆಚ್ಚು ಹೊಡೆಯುವ ದಿಕ್ಕಿನ ಗೋಡೆಯ ಮುಂದೆ ಒಂದು ಕಲ್ಲು ನೆಟ್ಟು, ಅದರ ಮೇಲೆ ನಿಂತು ತೆಗೆದದ್ದು. ಗೋಡೆಯ ಬುಡದ ಒಂದೂವರೆ ಅಡಿ ಚೌಕಟ್ಟಿನಲ್ಲಿ ಬರಬೇಕು, ಏಕೆಂದರೆ ನೆಲದಿಂದ ಸಿಡಿದ ಹನಿ ಮೊದಲು ಕೊರೆಯುವುದು ಅಲ್ಲೇ. ಅಳತೆಗೊಂದು ಅಡಿಪಟ್ಟಿ ಒರಗಿಸಿಡಿ. ಪ್ರತಿ ವರ್ಷ ದೀಪಾವಳಿ ಹೊತ್ತಿಗೆ, ಮಳೆ ಹಿಂದಾದ ಮೇಲೆ, ಅದೇ ಕಲ್ಲಿನ ಮೇಲೆ ನಿಂತು ಅದೇ ಗೋಡೆಯನ್ನು ಮತ್ತೆ ತೆಗೆಯಿರಿ, ತಾರೀಖು ಹಾಕಿ. ಬುಡದಲ್ಲಿ ಸವೆತ ಕಂಡರೆ ಅದನ್ನೂ ಮರೆಮಾಡದೆ ಇಡಿ. ಮುಂದಿನ ಮನೆಯವರು ಪಾಯವನ್ನು ಎಷ್ಟು ಎತ್ತರಿಸಬೇಕು, ಸೂರನ್ನು ಎಷ್ಟು ಹೊರಚಾಚಬೇಕು ಅನ್ನುವುದನ್ನು ಆ ಗೆರೆ ನೋಡಿಯೇ ತೀರ್ಮಾನಿಸುತ್ತಾರೆ.